ನಡುವಿನಿಂದ ಕೊಯ್ಯುವ ಹುಲ್ಲು

ಇವತ್ತು ಸಂಜೆ ಸೀರೆಯ ಅಂಚಿನಿಂದ ಹುಲ್ಲಿನ ಮುಳ್ಳು ಕೀಳುತ್ತ ಕೂತಿದ್ದೇನೆ. ಮೊಮ್ಮಕ್ಕಳೇ, ಈ ಕಾಗದವನ್ನು ನಿಮ್ಮ ಅವ್ವ ಓದಿ ಹೇಳಲಿ. ಸೋಲಾಪುರದ ಮರಾಠಿ ಸಾಲೆಗೆ ಹೋಗುವ ನಿಮಗೆ ನನ್ನ ಕನ್ನಡ ಅಕ್ಷರ ಇರುವೆ ಹರಿದಂತೆ ಕಂಡೀತು. ನಡುನಡುವೆ ಅವಳು ತನ್ನ ಮಾತು ಸೇರಿಸಿದರೆ ನಂಬಬೇಡಿ.

ಅಕ್ಕಲಕೋಟೆಯ ಈಚೆಗಿರುವ ನಮ್ಮ ಮಡ್ಡಿ ನಿಮಗೆ ಗೊತ್ತು. ಕಲ್ಲುನೆಲ, ಜೋಳ ಬಾರದು, ಹುಲ್ಲು ಮಾತ್ರ ಸೊಂಟದ ಮಟ್ಟ. ಅದನ್ನು ಹಾಳುಭೂಮಿ ಎಂದವರ ಮನೆಯಲ್ಲಿ ನನ್ನ ಅತ್ತೆ ನೀರೂ ಕುಡಿಯುತ್ತಿರಲಿಲ್ಲ. ಒಮ್ಮೆ ಯಾರೋ ಸಸಿಗಳನ್ನು ತಂದು, ಇಲ್ಲಿ ಗಿಡ ಹಚ್ಚಿದರೆ ಪುಣ್ಯ ಎಂದರು. "ಈ ಹುಲ್ಲಿಗಿ ಬಿಸಲೇ ಬೇಕ್ರಿ. ನಿಮಗ ನೆಳ್ಳ ಬೇಕಾದ್ರ ಛತ್ರಿ ತರ್ರಿ," ಎಂದು ಅತ್ತೆ ಚಹಾ ಕುಡಿಸಿ ಕಳಿಸಿದರು.

ಕೊಯ್ಲಿಗೂ ಅವರದೇ ಕಾಯಿದೆ. ದೀಪಾವಳಿ ಕಳೆಯುವವರೆಗೆ ಕುಡಗೋಲು ಮುಟ್ಟುವಂತಿಲ್ಲ. ವರ್ಷಕ್ಕೊಂದು ಮೂಲೆಯನ್ನು ಚಿಗರಿ, ನರಿಗಳಿಗೆಂದು ಕೊಯ್ಯದೆ ಬಿಡಬೇಕು. ಕೊಯ್ಯುವುದು ನಡುವಿನಿಂದ ಹೊರಕ್ಕೆ. ಅಂಚಿನಿಂದ ಸುತ್ತುತ್ತ ಬಂದರೆ ಲಾವಕ್ಕಿಗಳು ಮರಿ ಕಟ್ಟಿಕೊಂಡು ಒಳಗೊಳಗೇ ಸರಿದು ಕೊನೆಗೆ ಸಿಕ್ಕಿಬೀಳುತ್ತವೆ. ಅದಕ್ಕೇ ಹೆಂಗಸರೆಲ್ಲ ಮೊದಲು ನಡುವಿಗೆ ಹೋಗಿ, ಒಬ್ಬೊಬ್ಬರಾಗಿ ಗಂಡನ ಹೆಸರು ಹೆಣೆದ ಪ್ರಾಸದ ಸಾಲು, ಅಂದರೆ ಒಡಪು, ಕೂಗಬೇಕು. ಹಕ್ಕಿಗೆ ಎಚ್ಚರಿಕೆ, ನಮಗೆ ನಗೆ.

ನಾನೋ, ಸಾಲೆಯಲ್ಲಿ ಹಾಜರಿ ಕೂಗಿದಾಗಲೂ ಪಕ್ಕದವಳಿಂದ ಉತ್ತರ ಕೊಡಿಸಿದವಳು. ಮದುವೆಯಾದ ವರ್ಷ ನನ್ನ ಸರದಿ ಬಂದಾಗ ತುಟಿಯಷ್ಟೇ ಅಲುಗಿತು.

"ಇದು ಗಂಡನ ಹೆಸರೋ, ಸೊಳ್ಳಿ ಸಪ್ಪಳೋ?" ಎಂದರು ಅತ್ತೆ. "ಹಿಂಗಂದ್ರ ಲಾವಕ್ಕಿ ನಿದ್ದಿ ಮಾಡ್ತಾವ!"

ಕಣ್ಣು ಮುಚ್ಚಿ ಕೂಗಿಬಿಟ್ಟೆ:

"ಮಡ್ಡಿ ಮ್ಯಾಲಿನ ಹುಲ್ಲು, ಹುಲ್ಲಾಗ ಲಾವಕ್ಕಿ ಗೂಡು,
ಮಲ್ಲಪ್ಪನ ಹೆಸರ ಹೇಳ್ತೀನಿ, ಮರಿ ಕರಕೊಂಡು ಓಡು!"

ಹಕ್ಕಿಗಳು ಭುರ್ರೆಂದು ಎದ್ದವು. ಅವುಗಳ ಹಿಂದೆಯೇ ನಿಮ್ಮ ಅಜ್ಜನೂ ಎದ್ದರು! ಕೆಲಸ ತಪ್ಪಿಸಿ ಹುಲ್ಲಿನಲ್ಲಿ ಮಲಗಿದ್ದರು. "ಯಾರ ಕರದ್ರಿ?"

"ಕರದಿಲ್ಲೋ, ಓಡ್ಸಾಕತ್ತಾಳ!" ಎಂದರು ಅತ್ತೆ.

ಅಜ್ಜ ತೀರಿಹೋದ ಮೇಲೆ ನಾನು ಒಡಪು ಬಿಟ್ಟೆ. ಬೇಡ ಎಂದು ಯಾರೂ ಹೇಳಲಿಲ್ಲ. ಹೇಳು ಎಂದೂ ಯಾರೂ ಅನ್ನಲಿಲ್ಲ. ಕೊಯ್ಲಿನ ದಿನ ಅಂಚಿನಲ್ಲಿ ಕೂತು ಹೊರೆ ಕಟ್ಟುತ್ತಿದ್ದೆ.

ಈ ಸಲ ಆಳು ಸಿಗದೆ ಟ್ರ್ಯಾಕ್ಟರಿನ ಕೊಯ್ಯುವ ಯಂತ್ರ ತರಿಸಿದೆವು. ಡ್ರೈವರ್ ಹೋಟಗಿಯ ಹುಡುಗ, ಹೊಸದಾಗಿ ಮದುವೆಯಾದವನು. ನಾನು ಚಹಾ ತರುವಷ್ಟರಲ್ಲಿ ಅಂಚಿನಿಂದ ಸುತ್ತುತ್ತ ಮೇಲಿನ ಪಟ್ಟಿಯನ್ನು ಮುಗಿಸುತ್ತ ಬಂದಿದ್ದ. ನಡುವೆ ಅಂಗಳದಷ್ಟು ಹುಲ್ಲು ಉಳಿದಿತ್ತು. ಗಾಳಿಯಿಲ್ಲ, ಆದರೂ ಅದು ಅಲುಗುತ್ತಿತ್ತು. ನಿಲ್ಲಿಸು ಎಂದು ಕೈ ಬೀಸಿದೆ. ಅವನೂ ಖುಷಿಯಿಂದ ಕೈ ಬೀಸಿದ.

ಚಹಾ ಕೆಳಗಿಟ್ಟು ಆ ಹುಲ್ಲಿನೊಳಗೆ ನುಗ್ಗಿದೆ. ನಿಂತು, ನನ್ನ ಗಂಡನ ಹೆಸರಿಟ್ಟು, ಪೂರ್ತಿ ಒಡಪು ಕೂಗಿದೆ. ಎಂಜಿನ್ ನಿಂತಿತು. ನನ್ನ ಕಾಲ ಬಳಿಯಿಂದ ಒಂದು ಲಾವಕ್ಕಿ ಹೊರಬಂತು. ಹಿಂದೆ ಮರಿಗಳ ಸಾಲು. ಬೋಳು ನೆಲ ದಾಟಿ, ಕೊಯ್ಯದೆ ಬಿಟ್ಟ ಮೂಲೆ ಸೇರಿದವು.

"ಯವ್ವಾ, ಜೀವಾ ಹೋಗತಿತ್ತಲ್ರಿ!" ಎಂದ ಹುಡುಗ. ಎಲ್ಲವನ್ನೂ ಹೇಳಿದೆ. "ಹಂಗಾರ ಕೆಳಗಿನ ಪಟ್ಟಿ ನಡುವಿಂದ ಹೊಡೀತೀನ್ರಿ ಅಜ್ಜಿ."

"ಹೊಡಿಯಪ್ಪ. ಮೊದ್ಲ ನಡುವ ಹೋಗಿ ಹೆಂಡ್ತಿ ಹೆಸರಿಲೆ ಒಡಪು ಹೇಳು."

ಅವನ ಕಿವಿ ಕೆಂಪಾದವು. ಹೋದ. ಅತ್ತಿತ್ತ ನೋಡಿದ. ಏನೋ ಪಿಸುಗುಟ್ಟಿದ. ಒಂದು ಹಕ್ಕಿಯೂ ಏಳಲಿಲ್ಲ.

"ಜೋರಾಗಿ ಹೇಳೋ!" ಎಂದೆ. ನನ್ನ ದನಿ ಡಾಂಬರು ರಸ್ತೆಯವರೆಗೂ ಕೇಳಿಸಿತಂತೆ.