ಸಿಕ್ಕರೂ ನಿಲ್ಲದ ಮೆಸೇಜು

ನನ್ನದು ಸುಮ್ಮನಿರುವ ಕೈಯಲ್ಲ. ಮೊಬೈಲು ಹೊಸದಾಗಿ ಬಂದ ದಿನಗಳಲ್ಲಂತೂ ಕೇಳಲೇಬೇಡಿ. ಇಳಕಲ್ಲಿನ ನಮ್ಮ ಓಣಿಯಲ್ಲಿ ಒಂದು ಅಮಾವಾಸ್ಯೆಯ ದಿನ ಅಕ್ಕನ ಮಗಳು, ಮೂರು ವರ್ಷದ ಕೂಸು, ಕಾಣೆಯಾದಳು. ಬಾವಿ, ಬಸ್ ಸ್ಟ್ಯಾಂಡು, ಪೇಟೆ ಎಲ್ಲ ಹುಡುಕಿ, ಕೊನೆಗೆ ನಾನು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿದೆ: ಹುಡುಗಿ ಕಳೆದಿದ್ದಾಳೆ, ಕೆಂಪು ಫ್ರಾಕು, ಎಡಗಲ್ಲದ ಮೇಲೆ ಮಚ್ಚೆ, ತಾಯಿ ಅನ್ನ ನೀರು ಬಿಟ್ಟಿದ್ದಾಳೆ, ಎಲ್ಲರಿಗೂ ಕಳಿಸಿ. ಕೆಳಗೆ ನನ್ನ ನಂಬರು. ಅನ್ನ ನೀರಿನ ಮಾತು ನನ್ನದೇ ಸೇರ್ಪಡೆ. ಕೂಸು ಕಳೆದು ಇನ್ನೂ ಒಂದು ತಾಸು ಸಹ ಆಗಿರಲಿಲ್ಲ.

ಅವಳು ಪಕ್ಕದ ಮನೆಯ ಮಗ್ಗದ ಕುಣಿಯಲ್ಲಿ, ನೇಯುವವರು ಕಾಲು ಇಳಿಬಿಡುವ ತಂಪು ತಗ್ಗಿನಲ್ಲಿ, ಮಲಗಿಬಿಟ್ಟಿದ್ದಳು. ಅಮಾವಾಸ್ಯೆಗೆ ಮಗ್ಗಕ್ಕೆ ಬಿಡುವು, ಹಾಗಾಗಿ ಅಲ್ಲಿ ಯಾರೂ ಹಣಕಿ ನೋಡಿರಲಿಲ್ಲ. ‘ಸಿಕ್ಕಳು’ ಎಂದು ಇನ್ನೊಂದು ಮೆಸೇಜು ಹಾಕಿದೆ. ಅದನ್ನು ಮುಂದೆ ಕಳಿಸಿದವರು ಒಬ್ಬರೂ ಇಲ್ಲ. ಸಿಕ್ಕ ಮಗು ಯಾರಿಗೆ ಬೇಕು?

ಮೊದಲನೆಯದು ಮಾತ್ರ ನಿಲ್ಲಲಿಲ್ಲ. ವರ್ಷ ಕಳೆದರೂ ಹುಬ್ಬಳ್ಳಿಯಿಂದ, ರಾಯಚೂರಿನಿಂದ ಫೋನು. “ಹುಡುಗಿ ಸಿಕ್ಕಳೇನ್ರಿ?” ಮೊದಮೊದಲು ಸಮಾಧಾನದಿಂದ ಹೇಳಿದೆ, ಆಮೇಲೆ ಬೈದೆ. ಹತ್ತು ಮಂದಿಗೆ ಕಳಿಸದಿದ್ದರೆ ನಿಮ್ಮ ಮನೆಯ ಕೂಸೇ ಹೋಗುತ್ತದೆ ಎಂದು ಯಾವನೋ ಪುಣ್ಯಾತ್ಮ ಬಾಲ ಅಂಟಿಸಿದ. ಹುನಗುಂದದ ಇಂಟರ್ನೆಟ್ ಸೆಂಟರಿನಲ್ಲಿ ಪರಿಚಯದವರೊಬ್ಬರು ತೋರಿಸಿದ ಈಮೇಲಿನಲ್ಲಿ ಫೋಟೋ ಯಾರದೋ ಮಗುವಿನದು, ಮಾತೆಲ್ಲ ನನ್ನದು. ಫ್ರಾಕು ಹಳದಿಯಾಗಿತ್ತು, ಮಚ್ಚೆ ಮತ್ತು ನಂಬರು ಹಾಗೆಯೇ ಇದ್ದವು. ನಂಬರು ಬದಲಿಸೋಣವೆಂದರೆ ನಮ್ಮ ಸೀರೆ ವ್ಯಾಪಾರದ ಗಿರಾಕಿಗಳ ಹತ್ತಿರವೆಲ್ಲ ಅದೇ. ನಮ್ಮ ಕಡೆ ತಡವಾಗಿ ಬಂದವರಿಗೆ “ಎಲ್ಲಿ ಹೋಗಿದ್ದೀಲೇ, ಮಚ್ಚಿ ಹುಡುಗಿ ಆಗಿದ್ದೇನು” ಎಂದು ಚೇಷ್ಟೆ ಮಾಡುವುದೇ ರೂಢಿಯಾಯಿತು. ನನಗೆ ನಗು ಬರುತ್ತಿರಲಿಲ್ಲ. ಆ ಮಾತು ಕೇಳಿದಾಗಲೆಲ್ಲ ಕೂಸು ಎಲ್ಲಿದ್ದಾಳೆಂದು ಒಮ್ಮೆ ನೋಡಿ ಬರುತ್ತಿದ್ದೆ.

ಅವಳಿಗೆ ಏಳು ತುಂಬಿದಾಗ ಅಕ್ಕ ಅವಳನ್ನು ಕರೆದುಕೊಂಡು ಬಾದಾಮಿಗೆ ಹೊರಟಳು. ಬಾಗಲಕೋಟೆಯಲ್ಲಿ ಬಸ್ಸು ಬದಲಿಸಬೇಕು. ಸೀಟು ಹಿಡಿಯಲು ನಮ್ಮವರು ಕಿಟಕಿಯಿಂದ ಟವೆಲ್ಲು ಎಸೆಯುತ್ತಾರೆ, ಟವೆಲ್ಲು ಇಲ್ಲದಿದ್ದರೆ ಮಗುವನ್ನೇ ಒಳಗೆ ಇಳಿಸುತ್ತಾರೆ. ಅಕ್ಕನೂ ಹಾಗೇ ಮಾಡಿದಳು. ಆಮೇಲೆ ಬಾಗಿಲಿನ ಗದ್ದಲದಲ್ಲಿ ಅವಳಿಗೆ ಹತ್ತಲಾಗಲಿಲ್ಲ. ಬಸ್ಸು ಮಗುವಿನೊಂದಿಗೆ ಹೊರಟುಹೋಯಿತು.

ಅಕ್ಕ ಅಳುತ್ತ ಫೋನು ಮಾಡಿದಳು. ಬಾದಾಮಿ ಬಸ್ಸು, ಏಳು ವರ್ಷ, ಎಡಗಲ್ಲದ ಮೇಲೆ ಮಚ್ಚೆ ಎಂದು ಬರೆದು ಇದ್ದಬದ್ದವರಿಗೆಲ್ಲ ಕಳಿಸಿದೆ. ಕೂಡಲೇ ಉತ್ತರಗಳು ಬಂದವು. ಹಳೇದೈತಿ ಬಿಡು. ಮತ್ತ ಕಳದಳೇನು? ನನ್ನ ಜೊತೆ ಓದಿದವಳಿಗೇ ಫೋನು ಮಾಡಿ, “ಖರೇನ ಕಳದಾಳವ್ವ, ನನ್ನ ಮಾತು ನಂಬು” ಎಂದೆ. “ಹೋದ ಸರ್ತೇನೂ ಖರೇನ ಇತ್ತಲ್ಲ” ಎಂದು ಅವಳು ನಕ್ಕಳು.

ಅಕ್ಕ ಮುಂದಿನ ಬಸ್ಸಿಗೆ ಬಾದಾಮಿ ಮುಟ್ಟಿದರೆ ಅಲ್ಲಿ ಮಗು ಇಲ್ಲ. ಅಳುತ್ತ ನಡುದಾರಿಯಲ್ಲೇ ಇಳಿಯಿತು, ಯಾವ ಸ್ಟಾಪೋ ನೆನಪಿಲ್ಲ ಎಂದು ಕಂಡಕ್ಟರ್ ಹೇಳಿದ. ಅಕ್ಕ ಒಂದೊಂದೇ ಸ್ಟಾಪಿನಲ್ಲಿ ಕೇಳುತ್ತ ಹಿಂದೆ ಬಂದಳು. ನಾನು ಮನೆಯಲ್ಲಿ ಫೋನು ಹಿಡಿದುಕೊಂಡು, ಹರಕೆಯ ಮೇಲೆ ಹರಕೆ ಹೊರುತ್ತ ಕೂತಿದ್ದೆ. ಮೂರು ತಾಸಿನ ಮೇಲೆ ಕೆರೂರಿನ ಒಂದು ಚಹಾದಂಗಡಿಯಿಂದ ಫೋನು ಬಂತು. “ಸಿಕ್ಕಾಳ” ಎಂದಳು ಅಕ್ಕ. ಅವಳು ಮಗಳನ್ನು ಅಪ್ಪಿಕೊಳ್ಳುತ್ತಿದ್ದಂತೆ ಅಂಗಡಿಯವನು ಫೋನು ಇಸಕೊಂಡ.

“ಕೂಸು ಹೆದರಿ ಬಾಯೇ ಬಿಡಲಿಲ್ರಿ. ಬಿಸ್ಕೀಟು ಕೊಟ್ಟು ಕುಂದ್ರಿಸಿದ್ವಿ. ನಿಮ್ಮ ಮೆಸೇಜ್ ನನಗೂ ಬಂದಿತ್ರಿ, ಯಕ್ಕಾ. ಅದೇ ಹಳೇ ಮಚ್ಚಿ ಹುಡುಗಿ ಅಂತ ತಿಳಿದು, ಈ ಕೂಸಿನ ಮುಂದನ ನಕ್ಕು ಮೆಸೇಜ್ ಅಳಿಸಿಬಿಟ್ಟೆ.”

ಅಕ್ಕ ಮತ್ತೆ ಫೋನು ತೆಗೆದುಕೊಂಡಳು. ಅವಳು ಬೈಯಲಿಲ್ಲ.

“ಇನ್ನ ಮ್ಯಾಲೆ ನನ್ನ ಮಗಳ ಬಗ್ಗೆ ನೀ ಏನೂ ಬರೀಬ್ಯಾಡ” ಎಂದಳು.