ಓಂಕಾರೇಶ್ ಮೇಷ್ಟ್ರು ಬರೆದ ಎರಡು ವರದಿ

ಶಿವನಿ ಸಮೀಪದ ಒಂದು ಖಾಸಗಿ ಪ್ರೌಢಶಾಲೆಗೆ ಓಂಕಾರೇಶ್ ಹದಿನೆಂಟು ವರ್ಷದಿಂದ ಹೆಡ್‌ಮೇಷ್ಟ್ರು. ಹೇಳಿಕೊಡುವುದು ಗಣಿತ. ಗಂಟಲು ಎಂಥದ್ದೆಂದರೆ, ಅವರು ಪ್ರಮೇಯ ಶುರುಮಾಡಿದರೆ ಬಸ್ಸಿಗೆ ಕಾಯುವವರಿಗೂ ಅರ್ಧ ಪಾಠವಾಗುತ್ತಿತ್ತು. ಹೊಸದಾಗಿ ಬಿ.ಎಡ್. ಮುಗಿಸಿ ಬಂದವರ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. "ಫೈಲು ಚೆನ್ನಾಗಿ ಕಟ್ತಾರೆ ಕಣ್ರೀ. ಚಾರ್ಟು, ಬಣ್ಣದ ಪೆನ್ನು, ಎಲ್ಲಾ ಐತೆ. ಬಾಯಿ ಮಾತ್ರ ಇಲ್ಲ," ಎನ್ನುತ್ತಿದ್ದರು. ಪೂರ್ತಿ ಸುಳ್ಳೂ ಅಲ್ಲ, ಅಂಥವರೂ ಬಂದಿದ್ದರು.

ಹೊಸಬರನ್ನು ಅಳೆಯಲು ಅವರದ್ದೇ ಒಂದು ಕ್ರಮವಿತ್ತು. ಕ್ಲಾಸಿನೊಳಗೆ ಕಾಲಿಡುತ್ತಿರಲಿಲ್ಲ, ಹೆಡ್‌ಮೇಷ್ಟ್ರನ್ನು ಕಂಡರೆ ಯಾರು ಬೇಕಾದರೂ ನಾಟಕ ಆಡುತ್ತಾರೆ ಎಂಬುದು ಅವರ ವಾದ. ಪಿರಿಯಡ್ ಶುರುವಾದ ಹತ್ತು ನಿಮಿಷ ವರಾಂಡದಲ್ಲಿ ಕಿಟಕಿಗೆ ಬೆನ್ನು ಹಾಕಿ ನಿಂತು ಕೇಳುವುದು, ಅಷ್ಟರ ಮೇಲೆ ತೀರ್ಮಾನ.

ಸಿಂಗಟಗೆರೆಯ ಸುಮನಾ ಗಣಿತಕ್ಕೆ ಸೇರಿದಳು. ಒಂದು ವರ್ಷದ ಪ್ರೊಬೇಷನ್. ಕೊನೆಗೆ ಹೆಡ್‌ಮೇಷ್ಟ್ರ ವರದಿ ಚೆನ್ನಾಗಿದ್ದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಓಂಕಾರೇಶ್ ಮೂರು ಸಲ ಹೋಗಿ ನಿಂತರು. ಮೂರು ಸಲವೂ ಒಳಗಿಂದ ಸದ್ದೇ ಇಲ್ಲ. "ಪಾಠ ಮಾಡಲು ಬರುವುದಿಲ್ಲ. ಮುಂದುವರಿಸಬೇಕಾಗಿಲ್ಲ" ಎಂದು ಬರೆದು ಆಡಳಿತ ಮಂಡಳಿಯ ಅಧ್ಯಕ್ಷ ಮಲ್ಲಿಕಾರ್ಜುನಪ್ಪನವರಿಗೆ ಕಳಿಸಿದರು. ಬರೆಯುವಾಗ ಅವರಿಗೆ ಏನೂ ಅನ್ನಿಸಲಿಲ್ಲ.

ಮರುವಾರ ಸುಮನಾ ಜ್ವರವೆಂದು ರಜೆ ಹಾಕಿದಳು. ಎಂಟನೇ ಕ್ಲಾಸಿಗೆ ಅವರೇ ಹೋದರು. ಬಾಯಿ ತೆರೆಯುವಷ್ಟರಲ್ಲಿ ಮಕ್ಕಳೆಲ್ಲ ನೋಟ್‌ಬುಕ್ ತೆಗೆದು ತಲೆ ಬಗ್ಗಿಸಿದರು.

"ಏನ್ರೋ ಇದು?"

"ಮೊದ್ಲು ಹತ್ತು ನಿಮಿಷ ಅರ್ಥ ಆಗ್ದಿದ್ದನ್ನ ಬರೀಬೇಕು ಸಾರ್. ಆಮೇಲೆ ಮಿಸ್ಸು ಅದ್ನೇ ಪಾಠ ಮಾಡ್ತಾರೆ," ಎಂದಳು ಮುಂದಿನ ಬೆಂಚಿನ ಸ್ಫೂರ್ತಿ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕಾಗುತ್ತದೆ ಎಂದು ಅವಳು ಬರೆದಿದ್ದಳು.

"ಅದು ರೂಲು ಕಣಮ್ಮ."

"ಯಾಕೆ ಸಾರ್?"

ಮೇಷ್ಟ್ರಾದಾಗಿನಿಂದ ಮೂವತ್ತು ವರ್ಷ ಆ ರೂಲನ್ನು ಕೂಗಿ ಕೂಗಿ ಬಾಯಿಪಾಠ ಮಾಡಿಸಿದ್ದರು. ಯಾಕೆಂದು ಅವರಿಗೇ ಗೊತ್ತಿರಲಿಲ್ಲ. ಮಕ್ಕಳೆದುರು ನಾಚಿಕೆಯಾಯಿತು.

ಅಂದೇ ಸಂಜೆ ಅಧ್ಯಕ್ಷರ ಮನೆಗೆ ಹೋಗಿ ಇನ್ನೊಂದು ವರದಿ ಕೊಟ್ಟರು. ಒಳಗೆ ಹೋಗಿ ನೋಡದೆ ಬರೆದುಬಿಟ್ಟಿದ್ದೆ, ಈಕೆಯನ್ನು ಉಳಿಸಿಕೊಳ್ಳಬೇಕು ಎಂದಿತ್ತು ಅದರಲ್ಲಿ. ಮಲ್ಲಿಕಾರ್ಜುನಪ್ಪ ಓದಿ, ಹಳೆಯದನ್ನು ಹರಿದು ಹಾಕಿದರು.

"ಆಯ್ತು ಬಿಡಿ, ಈ ಹುಡುಗಿ ಇರ್ಲಿ. ಇದಕ್ ಮುಂಚೆ ನಾಕು ಜನಾನ ಬ್ಯಾಡ ಅಂತ ಬರ್ದಿದ್ರಲ್ಲ ಮೇಷ್ಟ್ರೆ, ಅವ್ರನ್ನ ಒಳಗ್ ಹೋಗಿ ನೋಡಿದ್ರಾ?"

"ಇಲ್ಲ," ಎಂದರು ಓಂಕಾರೇಶ್. ಆ ನಾಲ್ವರ ಹೆಸರು ನೆನಪಿಸಿಕೊಳ್ಳಲು ನೋಡಿದರು. ಇಬ್ಬರದ್ದು ಮಾತ್ರ ಬಂತು.