‘ಆಯ್ತು ಮಿಸ್’ ಅಂದ ಹುಡುಗಿ

ಬಿ.ಎಡ್. ಓದುವಾಗ ಬೋಧನಾ ಅಭ್ಯಾಸಕ್ಕೆಂದು ನನ್ನನ್ನು ಹರಿಹರದ ಒಂದು ಪ್ರೌಢಶಾಲೆಗೆ ಹಾಕಿದ್ದರು. ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಿಂದ ಬೆಳಿಗ್ಗೆ ಹೊರಟು, ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ಗಣಿತದ ಮೇಷ್ಟ್ರ ಪಾಠಗಳನ್ನು ನೋಡಿ ಬರೆದುಕೊಳ್ಳಬೇಕಿತ್ತು. ಕೊನೆಯ ದಿನ ನಾನೇ ಒಂದು ಪಾಠ ಮಾಡಬೇಕು. ಅದಕ್ಕೆ ಅಂಕ ಹಾಕುವವರು ಅದೇ ಮೇಷ್ಟ್ರು.

ಪ್ರತಿ ಪಾಠದ ಕೊನೆಗೆ ಅವರು ಡಸ್ಟರ್ ಎತ್ತಿಕೊಂಡು “ಅರ್ಥ ಆಯ್ತಾ?” ಎನ್ನುತ್ತಿದ್ದರು. “ಆಯ್ತು ಸಾರ್” ಎಂದು ಇಡೀ ತರಗತಿ ಒಂದೇ ರಾಗದಲ್ಲಿ ಹೇಳುತ್ತಿತ್ತು. ಅಷ್ಟರಲ್ಲಿ ಬೋರ್ಡು ಅರ್ಧ ಅಳಿಸಿಹೋಗಿರುತ್ತಿತ್ತು. ಅದೊಂದು ಪ್ರಶ್ನೆ ಎಂದು ಅಲ್ಲಿ ಯಾರೂ ತಿಳಿದಿರಲಿಲ್ಲ. ನಾನೂ ತಿಳಿದಿರಲಿಲ್ಲ. “ವಿದ್ಯಾರ್ಥಿಗಳು ಉತ್ಸಾಹದಿಂದ ಸ್ಪಂದಿಸಿದರು” ಎಂದು ನನ್ನ ವೀಕ್ಷಣಾ ಪುಸ್ತಕದಲ್ಲಿ ಬರೆಯುತ್ತಿದ್ದೆ.

ಒಂದು ದಿನ ತ್ರಿಭುಜದ ಪ್ರಮೇಯ. ತ್ರಿಭುಜದೊಳಗೆ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ, ಆ ಗೆರೆಯ ತುದಿಗಳಿಂದ ಕೆಳಗಿನ ಎದುರು ಮೂಲೆಗಳಿಗೆ ಎರಡು ಓರೆಗೆರೆ. ಹಾಗೆ ಮೂಡಿದ ಎರಡು ತ್ರಿಭುಜಗಳ ವಿಸ್ತೀರ್ಣ ಸಮ ಎಂದು ಬರೆದು ಮೇಷ್ಟ್ರು ಮುಂದೆ ಹೋದರು. ಯಾಕೆ ಸಮ ಎಂದು ಹೇಳಲಿಲ್ಲ. ಡಸ್ಟರ್ ಮೇಲೆದ್ದಿತು. ರಾಗ ಮುಗಿಯಿತು. ಆಮೇಲೆ ಒಂದು ದನಿ ಕೇಳಿಸಿತು: “ಇಲ್ಲ ಸರ್.”

ಕೊಕ್ಕನೂರಿನಿಂದ ಬಸ್ಸಿನಲ್ಲಿ ಬರುವ ಹುಡುಗಿ ಎದ್ದು ನಿಂತಿದ್ದಳು. “ಆ ಎರಡು ಹೆಂಗೆ ಸಮ ಆದ್ವು ಸರ್? ಒಂದು ಸೊಟ್ಟ ಐತೆ, ಒಂದು ನೆಟ್ಟಗೈತೆ.”

ಮೇಷ್ಟ್ರು ನಕ್ಕರು. “ಯಾರ್ಯಾರಿಗೆ ಅರ್ಥ ಆಗಿಲ್ಲ, ಎದ್ದು ನಿಲ್ರಿ.”

ಯಾರೂ ಏಳಲಿಲ್ಲ.

“ನೋಡವ್ವ, ಎಲ್ರಿಗೂ ಆಗೈತೆ. ನೀನೇನು ತಲೆ ಬಸ್ನಾಗೇ ಬಿಟ್ಟು ಬಂದೀಯೇನು?”

“ಕಂಡಕ್ಟರ್ ಎತ್ತಿಟ್ಟಿರ್ತಾನೆ ಬಿಡ್ರಿ ಸರ್!” ಎಂದ ಹುಡುಗನೊಬ್ಬ. ತರಗತಿ ನಕ್ಕಿತು.

“ಅರ್ಥ ಆದಾಗ ಕೂಡು” ಎಂದು ಮೇಷ್ಟ್ರು ಬೋರ್ಡು ಒರೆಸಿದರು. ಗಂಟೆ ಹೊಡೆಯುವವರೆಗೂ ಅವಳು ನಿಂತಳು. ಮರುದಿನದ ಪೀರಿಯಡ್ಡಿನಲ್ಲೂ ನಿಂತಳು. ಮೂರನೆಯ ದಿನ “ಏನವ್ವ, ಆಯ್ತಾ?” ಎಂದಾಗ ಕಿಟಕಿಯ ಕಡೆ ನೋಡುತ್ತ “ಆಯ್ತು ಸರ್” ಎಂದಳು. ಮೇಷ್ಟ್ರು ನನ್ನ ಕಡೆ ತಿರುಗಿ, “ನೋಡಿದ್ರಾ ಮೇಡಂ? ಇದನ್ನ ನಿಮ್ ಬಿ.ಎಡ್. ಕಾಲೇಜ್ನಾಗೆ ಕಲಿಸಲ್ಲ” ಎಂದರು.

ಎರಡಕ್ಕೂ ಆ ಸಮಾಂತರ ಗೆರೆಯೇ ಪಾದ, ಎತ್ತರವೂ ಒಂದೇ. ಇಷ್ಟು ಹೇಳಲು ಎರಡು ನಿಮಿಷ ಸಾಕಿತ್ತು. ಎರಡು ನಿಮಿಷ ಕೊಡದವರು ಎರಡು ದಿನ ನಿಲ್ಲಿಸಿದರು. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದರಲ್ಲಿ ಸ್ವಲ್ಪ ನನ್ನ ಮೇಲಿನದೂ ಇದೆ.

ಯಾಕೆಂದರೆ, ಕೊನೆಯ ದಿನ ನನ್ನ ಪಾಠದಲ್ಲಿ ಅದನ್ನೇ ಮೊದಲು ವಿವರಿಸಬೇಕೆಂದು ಹೋಗಿದ್ದೆ. “ಹಳೇದು ಕೆದಕಬ್ಯಾಡ್ರಿ ಮೇಡಂ, ಲೆಕ್ಕ ಮಾಡಿಸ್ರಿ ಸಾಕು” ಎಂದು ನನ್ನ ಪಾಠಯೋಜನೆ ನೋಡಿ ಹೇಳಿ ಮೇಷ್ಟ್ರು ಅಂಕಪಟ್ಟಿ ಹಿಡಿದು ಕೊನೆಯ ಬೆಂಚಿನಲ್ಲಿ ಕೂತರು. ನಾನು ಚಿತ್ರ ಬರೆದೆ. ವಿವರಿಸಲಿಲ್ಲ. ಅವಳನ್ನೇ ನೋಡುತ್ತ, “ಈ ಎರಡು ಯಾಕೆ ಸಮ ಅಂತ ಅರ್ಥ ಆಗಿದೆಯಾ?” ಎಂದು ಕೇಳಿದೆ. ಅವಳು ಇಲ್ಲ ಎಂದರೆ ಹೇಳೋಣ ಎಂದುಕೊಂಡಿದ್ದೆ. ಅವಳು ಒಮ್ಮೆ ಹಿಂದಿನ ಬೆಂಚಿನ ಕಡೆ ತಿರುಗಿದಳು, ಆಮೇಲೆ ನನ್ನನ್ನು ನೋಡಿದಳು. ಎಲ್ಲರಿಗಿಂತ ಮೊದಲು ಅವಳದೇ ದನಿ: “ಆಯ್ತು ಮಿಸ್.”

ನನಗೆ ಹಗುರವಾಯಿತು. ಲೆಕ್ಕಕ್ಕೆ ಹೋದೆ. ‘ತರಗತಿಯ ಸ್ಪಂದನೆ’ ಎಂಬಲ್ಲಿ ಮೇಷ್ಟ್ರು ಪೂರ್ತಿ ಅಂಕ ಹಾಕಿದ್ದರು.

ಸಂಜೆ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. “ನಿಜ ಹೇಳು, ಅರ್ಥ ಆಗಿತ್ತಾ?”

“ಇಲ್ಲ ಮಿಸ್.”

“ಮತ್ಯಾಕೆ ಹಾಗಂದೆ?”

“ಸರ್ ನಿಮಗೆ ಮಾರ್ಕ್ಸ್ ಹಾಕ್ತಿದ್ರಲ್ಲ ಮಿಸ್. ನಾನು ಇಲ್ಲ ಅಂದಿದ್ರೆ ನಿಮ್ಮನ್ನೂ ನಿಲ್ಲಿಸ್ತಿದ್ರು.”

ಪುಸ್ತಕ ತೆಗೆದು ಚಿತ್ರ ಬರೆಯತೊಡಗಿದೆ. “ಪಾದ ಒಂದೇ ಅಂತ ಗೊತ್ತು ಮಿಸ್, ಎತ್ತರ ಹೆಂಗೆ?” ಎನ್ನುವಷ್ಟರಲ್ಲಿ ಅವಳ ಬಸ್ಸು ಬಂತು.

“ಹತ್ತವ್ವ, ಹತ್ತು! ಎತ್ತರಾನ ಒಳಗೆ ಅಳೀವಂತೆ” ಎಂದು ಕಂಡಕ್ಟರ್ ಕೂಗಿದ.

ಬೇರೆ ದಿಕ್ಕಿಗೆ, ದಾವಣಗೆರೆಗೆ ಹೋಗಬೇಕಿದ್ದ ನಾನೂ ಆ ಬಸ್ಸು ಹತ್ತಿದೆ. ಸೀಟಿರಲಿಲ್ಲ, ಇಬ್ಬರೂ ನಿಂತೆವು. ಎರಡು ಸಮಾಂತರ ಗೆರೆಗಳ ನಡುವಿನ ದೂರವೇ ಎತ್ತರ, ಅದು ಎಲ್ಲಿ ಅಳೆದರೂ ಅಷ್ಟೇ ಎಂದು ಗೆರೆ ಎಳೆದು ತೋರಿಸಿದೆ. ಮುಗಿಸುತ್ತಿದ್ದಂತೆ “ಅರ್ಥ ಆಯ್ತಾ?” ಎಂಬ ಮಾತು ಬಾಯಿಗೆ ಬಂತು. ಅದನ್ನು ನುಂಗಿಕೊಂಡು, ಪೆನ್ನು ಅವಳ ಕೈಗೆ ಕೊಟ್ಟೆ.